ಇಟ್ಟಂಗಿ ಭಟ್ಟಿಯ ಹಂದಿಗಳು

ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳು ಶುರುವಾಗುವ ಹೊತ್ತಿಗೆ, ಪಶು ಡಾಕ್ಟರನಾದ ನನಗೆ ಹಂದಿಗಳ ಕೆಲಸ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ಹಂದಿಗಳ ರಕ್ತ ತೆಗೆದು, ಅವಕ್ಕೆ ಕಾಲುಬಾಯಿ ಬೇನೆ ತಾಗಿದೆಯೇ ಎಂದು ಪರೀಕ್ಷೆಗೆ ಕಳಿಸಬೇಕಿತ್ತು. ದನ, ಎಮ್ಮೆಗಳಾದರೆ ನಾವು ವರ್ಷವಿಡೀ ಮನೆಮನೆಗೆ ತಿರುಗಿ ಲಸಿಕೆ ಹಾಕುತ್ತೇವೆ, ಬಾಯಿ ತೆರೆದು ನೋಡುತ್ತೇವೆ. ಹಂದಿಯ ಬಾಯಿ ತೆರೆದು ನೋಡುವವರು ಯಾರೂ ಇಲ್ಲ. ಆದರೆ ಈ ಬೇನೆ ಹತ್ತಿದ ಒಂದು ಹಂದಿ ಬರೀ ಉಸಿರಿನಲ್ಲೇ ಹೊರಹಾಕುವಷ್ಟು ವೈರಾಣುವನ್ನು ಒಂದು ಹಿಂಡು ಎತ್ತುಗಳು ಸೇರಿದರೂ ಹಾಕಲಾರವು. ಅದಕ್ಕೇ ಈ ತಪಾಸಣೆ.

ಮೇಲಧಿಕಾರಿ ನನ್ನನ್ನು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಈ ಕೆಲಸದಲ್ಲಿ ನನಗೇನಾದರೂ ತೊಂದರೆ ಇದ್ದರೆ ಹೇಳಬಹುದು, ಬೇರೆ ಡಾಕ್ಟರರನ್ನು ಹಾಕಲು ಬರುತ್ತದೆ ಅಂದರು. ಅವರು ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. ನಮ್ಮದು ಬಾಗೇವಾಡಿ ಕಡೆಯ ಮುಸಲ್ಮಾನರ ಮನೆ. ತಲೆಮಾರುಗಳಿಂದ ಅಲ್ಲೇ ಒಕ್ಕಲುತನ. ತೊಂದರೆ ಏನೂ ಇಲ್ಲ ಅಂದೆ. ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಕೈಗೆ ಹಾಕಿಕೊಳ್ಳಲು ಗ್ಲೌಸ್ ಕೊಡುತ್ತಾರೋ ಇಲ್ಲವೋ ಎಂದಷ್ಟೇ ಕೇಳಿದರು. ಮರುದಿನ ಹಿತ್ತಲ ಬಚ್ಚಲಿನ ಪಕ್ಕ ನನಗೆಂದೇ ಒಂದು ಬಕೆಟ್ಟು, ಸಾಬೂನು, ಟವೆಲ್ಲು ಇಟ್ಟಿದ್ದರು. ಆ ಮಾತು ನಮ್ಮ ಮನೆಯಲ್ಲಿ ಅಲ್ಲಿಗೇ ಮುಗಿಯಿತು.

ಇಂಡಿಯಿಂದ ಶುರು ಮಾಡಿದೆವು. ನನ್ನ ಜೊತೆ ನಿವೃತ್ತಿಗೆ ಹತ್ತಿರವಾದ ಒಬ್ಬ ಪಶು ಪರೀಕ್ಷಕರು ಮತ್ತು ಜೀಪಿನ ಡ್ರೈವರ್. ಮೊದಲ ದಿನಗಳಲ್ಲಿ ಒಂದು ಹಂದಿಯೂ ಸಿಗಲಿಲ್ಲ. ಸರ್ಕಾರದ ಜೀಪು ಓಣಿಯ ಬಾಯಿಗೆ ಬಂದರೆ ಸಾಕು, ಹಂದಿ ಸಾಕುವವರು ಅವನ್ನು ಹೊಲದ ಕಡೆ ಅಟ್ಟಿಬಿಡುತ್ತಿದ್ದರು. ಹಂದಿಗಳನ್ನು ಊರುಬಿಟ್ಟು ಸಾಗಿಸಲು ಬಂದವರು ಎಂದೇ ಅವರ ತಿಳುವಳಿಕೆ. ನಾವು ಜೀಪನ್ನು ದೂರ ನಿಲ್ಲಿಸಿ ನಡೆದುಹೋಗಲು ಶುರು ಮಾಡಿದೆವು. ಪರೀಕ್ಷಕರು ಯಾವುದಾದರೂ ಕಟ್ಟೆಯ ಮೇಲೆ ಕೂತು, ಎಲೆಅಡಿಕೆ ಬಿಚ್ಚಿ, ಹೆಂಗೈತಿ ಧಂದೆ ಎಂದು ಕೇಳುತ್ತಿದ್ದರು. ಅರ್ಧ ಹೊತ್ತು ಅದರಲ್ಲೇ ಹೋಗುತ್ತಿತ್ತು. ಆಮೇಲೆ ಯಾರಾದರೂ ಎದ್ದು ಒಂದು ಬಲೆ ತರುತ್ತಿದ್ದರು.

ಹಂದಿಯ ರಕ್ತ ತೆಗೆಯುವುದು ದನದ ಹಾಗಲ್ಲ. ಮೇಲ್ದವಡೆಗೆ ಕೋರೆಹಲ್ಲಿನ ಹಿಂದೆ ಹಗ್ಗದ ಕುಣಿಕೆ ಹಾಕಿ ಒಬ್ಬರು ಮುಂದಕ್ಕೆ ಜಗ್ಗಿ ಹಿಡಿಯಬೇಕು. ಹಂದಿ ಹಿಂದಕ್ಕೆ ಜಗ್ಗಿ ನಿಲ್ಲುತ್ತದೆ. ನಿಂತಷ್ಟು ಹೊತ್ತೂ ಒದರುತ್ತದೆ. ರಕ್ತನಾಳ ಕಣ್ಣಿಗೆ ಕಾಣುವುದಿಲ್ಲ. ಕುತ್ತಿಗೆಯ ಬುಡದ ತಗ್ಗನ್ನು ಬೆರಳಲ್ಲಿ ಹುಡುಕಿ, ಬಲಗಡೆಯಿಂದ, ಉದ್ದನೆಯ ಸೂಜಿಯನ್ನು ಅಂದಾಜಿನ ಮೇಲೆ ಒಳಗೆ ಬಿಡಬೇಕು. ಎಡಗಡೆ ಚುಚ್ಚಿದರೆ ನರಕ್ಕೆ ಪೆಟ್ಟಾಗುವ ಭಯ. ಮೊದಮೊದಲು ನಾನು ತೆಗೆದ ರಕ್ತ ನಳಿಕೆಯಲ್ಲೇ ಒಡೆದು ಕೆಂಪು ನೀರಾಗುತ್ತಿತ್ತು. ಅಂಥದ್ದನ್ನು ಪ್ರಯೋಗಾಲಯದವರು ಮುಟ್ಟುವುದಿಲ್ಲ. ಸೂಜಿ ಬದಲಿಸಿದೆ, ಸಿರಿಂಜಿಗೆ ರಕ್ತ ಎಳೆಯುವ ವೇಗ ಕಡಿಮೆ ಮಾಡಿದೆ, ಕಿವಿಗೆ ಹತ್ತಿ ತುರುಕಿಕೊಂಡೆ. ಆಮೇಲೆ ಒಂದೊಂದಾಗಿ ಬರತೊಡಗಿದವು.

ಇಂಡಿಯಿಂದ ಚಡಚಣದ ಕಡೆ ಹೋದಾಗ ರಸ್ತೆಯುದ್ದಕ್ಕೂ ಗಡಿಯಾಚೆಯಿಂದ ಕಬ್ಬು ಕಡಿಯುವವರ ಬಂಡಿಗಳು ಬರುತ್ತಿದ್ದವು. ಬಂಡಿಯ ಮೇಲೆ ಪಾತ್ರೆ, ಹಾಸಿಗೆ, ಮಕ್ಕಳು. ಪರೀಕ್ಷಕರು ಎತ್ತುಗಳ ಕಾಲು ನೋಡುತ್ತ ನಿಂತುಬಿಡುತ್ತಿದ್ದರು. ನಡಿಗೆ ನೆಟ್ಟಗಿತ್ತು. ಅದನ್ನೇ ಬರೆದುಕೊಂಡು ಮುಂದೆ ಹೋದೆವು.

ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಕರೆಂಟು ಕೈಕೊಟ್ಟಿತು. ನಾಲತವಾಡದಲ್ಲಿ ತೆಗೆದ ಮಾದರಿಗಳನ್ನು ತಂದಿಟ್ಟ ಫ್ರಿಜ್ಜು ಬೆಳಗಿನ ಹೊತ್ತಿಗೆ ಬೆಚ್ಚಗಾಗಿತ್ತು. ಪೆಟ್ಟಿಗೆಯೊಳಗಿನ ಐಸ್ ನೀರಾಗಿತ್ತು. ಡ್ರೈವರ್ ಜೀಪನ್ನು ಆಲಮಟ್ಟಿಗೆ ಓಡಿಸಿ, ಹಿನ್ನೀರಿನ ದಂಡೆಯಲ್ಲಿ ಮೀನು ತೂಗುವವರ ಹತ್ತಿರ ಒಡೆದ ಐಸ್ ತುಂಬಿಕೊಂಡು ಬಂದ. ಆವತ್ತಿನಿಂದ ನಮ್ಮ ಪೆಟ್ಟಿಗೆ ಮೀನು ನಾರುತ್ತಿತ್ತು, ಆದರೆ ಮಾದರಿಗಳು ಉಳಿದವು. ಬಾಗೇವಾಡಿ ಸುತ್ತ ಕೆಲಸ ಮಾಡುವಾಗ ಸಂಜೆ ಮನೆಗೆ ಹೋಗುತ್ತಿದ್ದೆ. ಅಲ್ಲೂ ಕಣ್ಣಿಗೆ ಕಾಣುವಂಥ ಬೇನೆ ಎಲ್ಲೂ ಇರಲಿಲ್ಲ. ಸಿಂದಗಿ ಒಂದು ಉಳಿದಿತ್ತು. ಅಷ್ಟರಲ್ಲಿ ಹಂದಿಯ ಒದರಾಟ ನನಗೆ ಕೇಳುವುದೇ ನಿಂತುಹೋಗಿತ್ತು. ಹತ್ತಿ ಹಾಕಿಕೊಳ್ಳುವುದನ್ನೂ ಬಿಟ್ಟಿದ್ದೆ.

ಸಿಂದಗಿ ತಾಲ್ಲೂಕಿನ ಆ ಊರಿನ ಹೆಸರು ಬೇಡ. ದೊಡ್ಡ ಊರು. ವಾರಕ್ಕೊಮ್ಮೆ ದನದ ಸಂತೆ ಕೂಡುತ್ತದೆ, ಸುತ್ತಲಿನ ಹಳ್ಳಿಗಳಿಂದ ಎತ್ತು, ಹೋರಿ ಬರುತ್ತವೆ. ಅಲ್ಲಿಯ ಹಂದಿಗಳೆಲ್ಲ ಒಬ್ಬ ಹೆಣ್ಣುಮಗಳಿಗೆ ಸೇರಿದವು. ವಯಸ್ಸು ಐವತ್ತರ ಮೇಲೆ, ಗಂಡ ತೀರಿಕೊಂಡು ಬಹಳ ದಿನವಾಗಿತ್ತು, ತಮ್ಮನೊಬ್ಬ ಜೊತೆಗಿದ್ದ. ಊರವರು ಅವರನ್ನು ಅಕ್ಕ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ನಮ್ಮನ್ನು ನೋಡಿ ಹಂದಿ ಅಟ್ಟಲಿಲ್ಲ. ತಾವೇ ನಾಲ್ಕು ಹೆಜ್ಜೆ ಮುಂದೆ ಬಂದು, ಬಂದದ್ದು ಚಲೋ ಆಯಿತು, ಒಂದು ಹಂದಿ ಕಾಲೂರುತ್ತಿಲ್ಲ, ಕಲ್ಲು ತಾಗಿರಬೇಕು, ನೋಡಿರಿ ಅಂದರು.

ಗಟಾರದ ಪಕ್ಕದ ಜಾಲಿಯ ಕೆಳಗೆ ಆ ಹಂದಿ ಮುಂಗಾಲು ಮಡಚಿ, ಮೊಣಕಾಲಿನ ಮೇಲೆ ನಿಂತು ಮುಸುರೆ ತಿನ್ನುತ್ತಿತ್ತು. ಇನ್ನೊಂದು ಮಲಗಿತ್ತು, ಕಡ್ಡಿ ತಾಗಿಸಿದರೂ ಏಳಲಿಲ್ಲ. ನಾನು ಬಗ್ಗಿ ನೋಡಿದೆ. ಮೂತಿಯ ಮೇಲೆ ಬೆಳ್ಳಗೆ ಚರ್ಮ ಎದ್ದಿತ್ತು, ಒಳಗೆ ನೀರು. ಗೊರಸಿನ ಮೇಲಂಚು ಬಿರಿದು ರಕ್ತ ಜಿನುಗುತ್ತಿತ್ತು. ಪರೀಕ್ಷಕರು ನನ್ನ ಮುಖ ನೋಡಿದರು. ನಾನು ಅಲ್ಲಿಂದಲೇ ಡ್ರೈವರ್‌ಗೆ ಕೂಗಿ, ಜೀಪಿನಿಂದ ಇಳಿಯಬೇಡ ಅಂದೆ.

ಮುಂದಿನದು ಕಲಿತ ಪಾಠ. ಗುಳ್ಳೆಯ ನೀರನ್ನು ಸಣ್ಣ ಸಿರಿಂಜಿನಲ್ಲಿ ಎಳೆದುಕೊಂಡೆ. ಸಡಿಲವಾದ ಚರ್ಮವನ್ನು ಕತ್ತರಿಸಿ ಗ್ಲಿಸರಿನ್ ದ್ರಾವಣದ ಶೀಶೆಗೆ ಹಾಕಿದೆ. ಮುಚ್ಚಳದ ಮೇಲೆ ಮೇಣ, ಅದರ ಮೇಲೆ ಪ್ಲಾಸ್ಟಿಕ್, ಆಮೇಲೆ ಐಸ್. ಬೂಟು, ಕೈ, ಹಗ್ಗ ಎಲ್ಲವನ್ನೂ ವಾಷಿಂಗ್ ಸೋಡಾದ ನೀರಲ್ಲಿ ತೊಳೆದೆ. ಅಕ್ಕ ನೋಡುತ್ತ ನಿಂತಿದ್ದವರು, ಬೆಳಿಗ್ಗೆ ಒಂದು ಮರಿ ಮೊಲೆ ಕುಡಿಯುತ್ತಲೇ ಸತ್ತಿತು ಅಂದರು. ಅದನ್ನು ತರಿಸಿ ಅಲ್ಲೇ ಕೊಯ್ದೆ. ಗುಂಡಿಗೆಯ ಮೇಲೆ ಮಾಸಲು ಬಿಳಿಯ ಪಟ್ಟೆಗಳಿದ್ದವು. ಪುಸ್ತಕದಲ್ಲಿ ಅದಕ್ಕೆ ಹುಲಿಯ ಗುಂಡಿಗೆ ಅನ್ನುತ್ತಾರೆ. ದೊಡ್ಡ ಹಂದಿಗಳಿಗೆ ಈ ಬೇನೆ ಕಾಲಿಗೆ, ಮೂತಿಗೆ ಬರುತ್ತದೆ. ಮರಿಗಳಿಗೆ ನೇರವಾಗಿ ಗುಂಡಿಗೆಗೆ ಹೋಗುತ್ತದೆ.

ಅಕ್ಕನನ್ನು ಕೇಳಿದಾಗ ಗೊತ್ತಾದದ್ದು, ಕಬ್ಬು ಕಡಿಯುವವರ ಬಂಡಿಗಳು ಸ್ವಲ್ಪ ದಿನದ ಹಿಂದೆ ಅದೇ ಗಟಾರದ ದಂಡೆಯಲ್ಲಿ ತಂಗಿ ಹೋಗಿದ್ದವು. ಎತ್ತು ಬಿಟ್ಟ ಮೇವನ್ನು ಹಂದಿಗಳು ಕೆದರಿದ್ದವು. ಬಂದದ್ದು ಅಲ್ಲಿಂದಲೇ ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಬಂಡಿಗಳು ಯಾವ ಕಾರ್ಖಾನೆಗೆ ಹೋದವೋ ಯಾರಿಗೂ ಗೊತ್ತಿರಲಿಲ್ಲ.

ಮೇಲಧಿಕಾರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಮಾದರಿ ಬೆಂಗಳೂರಿಗೆ ಕಳಿಸಿರಿ, ಫಲಿತಾಂಶ ಬರುವ ತನಕ ಯಾರ ಮುಂದೂ ಬೇನೆಯ ಹೆಸರು ತೆಗೆಯಬೇಡಿರಿ ಅಂದರು. ಅವರದೂ ತಪ್ಪಲ್ಲ. ನಾಳೆ ಇದು ಬೇರೇನೋ ಎಂದಾದರೆ ಸಂತೆ ನಿಲ್ಲಿಸಿದವರು ಉತ್ತರ ಹೇಳಬೇಕು. ಪರೀಕ್ಷಕರಿಗೆ ತೊಳೆದುಕೊಂಡು ಬಟ್ಟೆ ಬದಲಿಸಲು ಹೇಳಿ, ಮಾದರಿಯ ಪೆಟ್ಟಿಗೆ ಕೊಟ್ಟು ಬಸ್ಸಿಗೆ ಹತ್ತಿಸಿದೆ. ಹೋಗುವ ಮುಂಚೆ ಅವರು ಅಕ್ಕನ ತಮ್ಮನಿಂದ ಕೇಳಿದ್ದೊಂದು ಮಾತು ಹೇಳಿದರು. ಪಂಚಾಯ್ತಿಯವರು ಬಹಳ ದಿನ ಓಡಾಡಿ ಹಂದಿ ಹಿಡಿಯುವವರನ್ನು ಹೊರಗಿನಿಂದ ಗೊತ್ತು ಮಾಡಿದ್ದಾರೆ. ನಾಳೆ ಲಾರಿ ಬರುತ್ತದೆ. ನಾಡಿದ್ದು ಸಂತೆ.

ನಾನು ಜೀಪಿನ ಬಾನೆಟ್ಟಿಗೆ ಒರಗಿ ನಿಂತೆ. ಲಾರಿ ತುಂಬ ಬೇನೆಯ ಹಂದಿಗಳು ರಸ್ತೆ ಹಿಡಿದರೆ, ದಾರಿಯ ಪ್ರತಿ ಊರಲ್ಲೂ ಅವುಗಳ ಉಚ್ಚೆ, ಜೊಲ್ಲು ಸುರಿಯುತ್ತ ಹೋಗುತ್ತದೆ. ಹೋಗದೆ ಊರಲ್ಲೇ ತಿರುಗಿದರೆ ಸಂತೆಯ ದನಗಳ ಕಾಲಡಿ ಬರುತ್ತವೆ. ಫಲಿತಾಂಶ ಬರುವುದರೊಳಗೆ ಎರಡೂ ಆಗಿಹೋಗಿರುತ್ತವೆ. ಕಾನೂನಿನ ಪುಸ್ತಕದಲ್ಲಿ ನನ್ನಂಥ ಡಾಕ್ಟರನಿಗೂ ಒಂದಿಷ್ಟು ಅಧಿಕಾರವಿದೆ. ಬೇನೆಯ ಸಂಶಯ ಬಂದರೆ ಪ್ರಾಣಿಗಳನ್ನು ಅಲ್ಲಿಂದ ಕದಲಿಸಬೇಡಿ ಎಂದು ಬರೆದುಕೊಡಬಹುದು. ಅದನ್ನು ಯಾರೂ ಬಳಸಿದ್ದು ನಾನು ನೋಡಿರಲಿಲ್ಲ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಆವತ್ತು ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕಾಗದ ತೆಗೆದು ಬರೆದು ಸಹಿ ಹಾಕಿದೆ.

ಪಂಚಾಯ್ತಿ ಕಚೇರಿಯ ಹತ್ತಿರ ಹೋಗುವ ಮುಂಚೆ ಬಟ್ಟೆ ಬದಲಿಸಿದೆ. ಆದರೂ ಒಳಗೆ ಹೋಗಲಿಲ್ಲ, ಅಂಗಳದಲ್ಲೇ ನಿಂತು ಅಧ್ಯಕ್ಷರನ್ನು ಹೊರಗೆ ಕರೆಸಿದೆ. ಅವರು ಕಾಗದವನ್ನು ಎರಡು ಸಲ ಓದಿದರು. ಹಂದಿಗಳಿಂದ ಊರಿಗೆ ಆಗುವ ಕಾಟ ಸುಳ್ಳಲ್ಲ, ಹಿಂದಿನ ಮಳೆಗಾಲದಲ್ಲಿ ಒಂದು ಮಗುವಿಗೆ ಕಚ್ಚಿದ್ದವು.

“ಸಾಹೇಬ್ರ, ಈ ಲಾರಿ ಸಲುವಾಗಿ ನಾ ಎಷ್ಟ ತಿರುಗಾಡೇನಿ ನಿಮಗ ಗೊತ್ತಿಲ್ಲ,” ಅಂದರು. “ಈಗ ವಾಪಸ್ ಕಳಸಂತೀರಿ. ಆತ್ರಿ, ಕಳಸ್ತೇನಿ. ಆದ್ರ ನಾಳಿಂದ ನಮ್ಮ ಓಣ್ಯಾಗ ಒಂದ ಹಂದಿ ಕಾಣಬಾರದು. ಕಂಡ್ರ ನಾಡಿದ್ದ ಲಾರಿ ತರಸ್ತೇನಿ, ನಿಮ್ಮ ಕಾಗದ ಇರಲಿ ಬಿಡಲಿ.”

ಅವರು ಕೇಳಿದ್ದು ಮತ್ತು ಬೇನೆ ಕೇಳುತ್ತಿದ್ದದ್ದು ಒಂದೇ ಆಗಿತ್ತು. ಹಂದಿಗಳನ್ನು ಒಂದೇ ಕಡೆ ಕೂಡಿ ಹಾಕಬೇಕು. ಊರ ಹೊರಗೆ, ಸಂತೆ ಮೈದಾನಕ್ಕೆ ವಿರುದ್ಧ ದಿಕ್ಕಿನಲ್ಲಿ, ನಿಂತುಹೋದ ಒಂದು ಇಟ್ಟಂಗಿ ಭಟ್ಟಿ ಇತ್ತು. ಮೂರು ಕಡೆ ಎದೆಯೆತ್ತರದ ಗೋಡೆ ಇನ್ನೂ ನಿಂತಿತ್ತು. ಅಧ್ಯಕ್ಷರು ಅದನ್ನು ಕೊಡಿಸಲು ಒಪ್ಪಿದರು. ಲಾರಿಯವರಿಗೆ ಅಲ್ಲಿಂದಲೇ ಫೋನ್ ಮಾಡಿ ಬರಬೇಡಿರೆಂದು ಹೇಳಿದರು. ಸಂತೆಯ ವಿಷಯ ತಹಶೀಲ್ದಾರರ ಕೈಯಲ್ಲಿತ್ತು. ಅವರು ಫೋನಿನಲ್ಲಿ ನನ್ನನ್ನು ಒಂದೇ ಮಾತು ಕೇಳಿದರು, ನಿಮಗೆ ಖಾತ್ರಿ ಇದೆಯಾ ಎಂದು. ಕಣ್ಣಿಗೆ ಕಂಡಷ್ಟು ಖಾತ್ರಿ ಇದೆ ಅಂದೆ. ಸಂತೆ ನಿಂತಿತು.

ಅಕ್ಕನ ಹತ್ತಿರ ಮಾತಾಡುವುದು ಉಳಿದಿತ್ತು. ಹೊತ್ತು ಇಳಿಯುತ್ತಿತ್ತು. ಅವರು ಕಾಲು ಕುಂಟುವ ಹಂದಿಯ ಮುಂದೆ ತೌಡಿನ ಗಂಜಿ ಸುರಿದು ಕೂತಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದು ಕಾಲುಬಾಯಿ ಬೇನೆ. ಲಾರಿ ಬರುವುದಿಲ್ಲ, ಆದರೆ ಹಂದಿಗಳನ್ನೆಲ್ಲ ಭಟ್ಟಿಯಲ್ಲಿ ಕೂಡಿ ಹಾಕಬೇಕು.

“ಕೂಡಿ ಹಾಕಿದ್ರ ಬ್ಯಾನಿ ನಿಲ್ಲತೈತೇನ್ರಿ?” ಎಂದು ಕೇಳಿದರು.

“ಊರಾಗ ನಿಲ್ಲತೈತ್ರಿ. ನಿಮ್ಮ ಹಂದಿಯೊಳಗ ನಿಲ್ಲೂದಿಲ್ಲ. ಒಂದ ಜಾಗಾದಾಗ ಇದ್ರ ಎಲ್ಲಾಕ್ಕೂ ಬರ್ತೈತಿ. ದೊಡ್ಡವು ಬದುಕ್ತಾವು. ಮರಿ ಉಳಿಯೂದು ಕಷ್ಟ.”

ಅವರು ಗಂಜಿಯ ಬೋಗುಣಿಯನ್ನು ಪಕ್ಕಕ್ಕಿಟ್ಟರು. ಆ ಹೊತ್ತಿನಲ್ಲಿ ಹಾಲು ಕುಡಿಯುವ ಮರಿಗಳು ಅವರಿಗೆ ಊರಿನ ನಾಲ್ಕಾರು ಕಡೆ ಇದ್ದವು, ಒಂದು ತಾಯಿ ಹಿಟ್ಟಿನ ಗಿರಣಿಯ ಹಿಂದೆ, ಒಂದು ಸ್ಮಶಾನದ ಮಗ್ಗುಲಿಗೆ, ಹೀಗೆ. ತಾಯಿ ಹಂದಿಗಳನ್ನು ಬೇರೆ ಇಡಲು ಇನ್ನೊಂದು ಜಾಗಕ್ಕೆ ನಾನು ಆಗಲೇ ಕೇಳಿದ್ದೆ. ಯಾರೂ ಕೊಟ್ಟಿರಲಿಲ್ಲ. ಬೇಕಾದರೆ ಭಟ್ಟಿಯೊಳಗೇ ಮೂಲೆಯಲ್ಲಿ ಕಟ್ಟಿಗೆ ಅಡ್ಡ ಹಾಕಬಹುದಿತ್ತು, ಆದರೆ ಗಾಳಿಯಲ್ಲಿ ಬರುವ ಬೇನೆಗೆ ಅದು ಅಡ್ಡವಲ್ಲ. ಇದನ್ನೂ ಹೇಳಿದೆ.

“ಲಾರಿ ಬಂದ್ರ ಒಂದೂ ಉಳಿಯೂದಿಲ್ಲ,” ಅಂದರು ಅಕ್ಕ, ನನಗಿಂತ ಹೆಚ್ಚು ತಮಗೇ ಹೇಳಿಕೊಂಡ ಹಾಗೆ. ಆಮೇಲೆ ತಮ್ಮನನ್ನು ಕರೆದು ಬಲೆ ತರಲು ಹೇಳಿದರು.

ಮರುದಿನ ಬೆಳಗಿನಿಂದ ಸಂಜೆಯ ತನಕ ಹಂದಿಗಳನ್ನು ಹಿಡಿದೆವು. ಗಿರಣಿಯ ಹಿಂದಿನದು ಇನ್ನೂ ಆರೋಗ್ಯವಾಗಿತ್ತು. ಬಲೆಗೆ ಬೀಳದೆ ನಮ್ಮನ್ನು ಓಣಿಯಿಂದ ಓಣಿಗೆ ತಿರುಗಿಸಿತು. ಜನ ಮಾಳಿಗೆಯ ಮೇಲೆ ನಿಂತು ನೋಡಿದರು. ಅದರ ಮರಿಗಳನ್ನು ಅಕ್ಕ ಚೀಲದಲ್ಲಿ ಹಾಕಿಕೊಂಡು ಮುಂದೆ ನಡೆದರು. ಮರಿಗಳ ದನಿ ಕೇಳಿ ತಾಯಿ ತಾನಾಗಿ ಹಿಂದೆ ಬಂತು, ಊರ ನಡುವಿನಿಂದ ಭಟ್ಟಿಯ ತನಕ. ಒಳಗೆ ಹೋದ ಮೇಲೆ ಗೋಡೆ ಇಲ್ಲದ ಕಡೆ ತಗಡು ಕಟ್ಟಿ ಬಾಗಿಲು ಮಾಡಿದೆವು. ಸುತ್ತ ಸುಣ್ಣ ಚೆಲ್ಲಿದೆವು. ಬಾಗಿಲಲ್ಲಿ ಸೋಡಾ ನೀರಿನ ತಗ್ಗು ಮಾಡಿ, ಅದರಲ್ಲಿ ಕಾಲಿಟ್ಟೇ ಒಳಹೊರಗೆ ಹೋಗುವುದು ಎಂದು ಗೊತ್ತು ಮಾಡಿದೆವು.

ಸಂತೆಯ ದಿನ ದೂರದಿಂದ ಎತ್ತು ಹೊಡೆದುಕೊಂಡು ಬಂದವರನ್ನು ಪೊಲೀಸರು ಊರ ಹೊರಗೇ ತಿರುಗಿಸಿ ಕಳಿಸಿದರು. ದಲಾಲರು ಪಂಚಾಯ್ತಿಯ ಮುಂದೆ ಕೂಗಾಡಿದರಂತೆ. ನಾನು ನೋಡಲಿಲ್ಲ. ದನ ಇರುವ ಕಡೆ ನಾನು ಹೋಗುವ ಹಾಗಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ, ದೂರದವುಗಳಿಂದ ಶುರು ಮಾಡಿ ಈ ಊರಿನ ಕಡೆಗೆ ಬರುತ್ತ, ಲಸಿಕೆ ಹಾಕುವ ಕೆಲಸ ಬೇರೆ ಡಾಕ್ಟರರಿಗೆ ಹೋಯಿತು. ದನ ತರದಂತೆ ಮುಚ್ಚಿಸಿದ್ದ ಊರಿನ ಪಶು ದವಾಖಾನೆಯ ಹಿಂದಿನ ಕೋಣೆಯಲ್ಲಿ ನಾನು ಮಲಗುತ್ತಿದ್ದೆ. ಬೆಳಿಗ್ಗೆ ಭಟ್ಟಿಗೆ ಹೋಗುವುದು, ಸಂಜೆ ತೊಳೆದುಕೊಂಡು ಬರುವುದು. ಡ್ರೈವರ್ ಡಬ್ಬಿಯಲ್ಲಿ ರೊಟ್ಟಿ ತಂದು ಕಟ್ಟೆಯ ಮೇಲಿಟ್ಟು ದೂರ ಸರಿಯುತ್ತಿದ್ದ.

ಆ ವಾರವೇ ತಂಗಿಯ ಮದುವೆಯ ಮಾತುಕತೆ ಇತ್ತು. ಹುಡುಗನ ಕಡೆಯವರು ಬರುವವರಿದ್ದರು. ಮನೆ ಅಲ್ಲಿಂದ ದೂರವೇನಲ್ಲ. ಅಮ್ಮನಿಗೆ ಫೋನ್ ಮಾಡಿ ಇಲ್ಲಿಯ ಬೇನೆಯ ವಿಷಯ ಹೇಳಿ, ಬಂದರೆ ಬಟ್ಟೆ ಬದಲಿಸಿ ಹೊರಗೇ ಕೂತು ಹೋಗುತ್ತೇನೆ ಅಂದೆ.

“ಬರಬ್ಯಾಡ,” ಅಂದರು. “ಎಮ್ಮಿ ಈಯಾಕ ಬಂದೈತಿ.”

ಅವರು ಹೇಳಿದ್ದು ಸರಿ. ನಾನೇ ಆ ಮಾತನ್ನು ಹೇಳಬೇಕಿತ್ತು. ಫೋನ್ ಇಟ್ಟ ಮೇಲೆ ಗೊರಸು ತೊಳೆಯಲು ಮೈಲುತುತ್ತದ ನೀರು ಕಲಸಿದೆ.

ಭಟ್ಟಿಯೊಳಗೆ ಬೇನೆ ನಾನು ಹೇಳಿದ ಹಾಗೆಯೇ ನಡೆಯಿತು. ಮೊದಲು ಬಾಗಿಲ ಹತ್ತಿರದವು ಕುಂಟಿದವು, ಆಮೇಲೆ ನಡುವಿನವು, ಆಮೇಲೆ ಎಲ್ಲ. ಗೊರಸಿನ ಚಿಪ್ಪು ಕಳಚಿ ಇಟ್ಟಂಗಿ ಪುಡಿಯಲ್ಲಿ ಬಿದ್ದಿರುತ್ತಿತ್ತು. ಹಂದಿಗಳು ಏಳಲಾರದೆ ಮಲಗಿದಲ್ಲೇ ಇರುತ್ತಿದ್ದವು. ಅಕ್ಕ ಜೋಳದ ಹಿಟ್ಟು, ತೌಡು ಸೇರಿಸಿ ತೆಳ್ಳಗೆ ಅಂಬಲಿ ಕಾಯಿಸಿ ಒಂದೊಂದರ ಬಾಯಿಯ ಹತ್ತಿರ ಹಿಡಿಯುತ್ತಿದ್ದರು. ನಾನು ಬಾಯಿ ತೊಳೆಯುತ್ತಿದ್ದೆ, ಕಾಲಿಗೆ ಬೇವಿನೆಣ್ಣೆ ಹಚ್ಚುತ್ತಿದ್ದೆ, ಜ್ವರ ಅಳೆಯುತ್ತಿದ್ದೆ. ಹಂದಿಗಳು ಒದರುವುದನ್ನೂ ಬಿಟ್ಟಿದ್ದವು. ಭಟ್ಟಿಯಲ್ಲಿ ಕೇಳುತ್ತಿದ್ದದ್ದು ನೊಣಗಳ ಸದ್ದು, ಬೋಗುಣಿಯ ಸದ್ದು.

ಮರಿಗಳು ಬೆಳಗಿನ ಹೊತ್ತು ಸಿಗುತ್ತಿದ್ದವು. ಮೈಮೇಲೆ ಗಾಯವಿಲ್ಲ, ಗುಳ್ಳೆಯಿಲ್ಲ. ಮೊಲೆ ಬಾಯಲ್ಲೇ ಇರುತ್ತಿತ್ತು. ಕೆಲವು ಇನ್ನೂ ಬೆಚ್ಚಗಿರುತ್ತಿದ್ದವು. ಹಿಂಗಾಲು ಹಿಡಿದು ಎತ್ತಿ ತಗ್ಗಿಗೆ ಹಾಕಿ, ಮೇಲೆ ಸುಣ್ಣ, ಮೇಲೆ ಮಣ್ಣು. ಒಂದು ದಿನ ಹಾಗೆ ಎತ್ತಿದ ಮರಿ ಕೈಯಲ್ಲಿ ಒಮ್ಮೆ ಕಾಲು ಝಾಡಿಸಿತು. ಅದನ್ನು ತಾಯಿಯ ಪಕ್ಕಕ್ಕೆ ವಾಪಸ್ ಇಟ್ಟೆ. ಉಳಿದವನ್ನು ಹಾಕಿ ಬರುವುದರೊಳಗೆ ಅದೂ ಹೋಗಿತ್ತು. ಅದನ್ನು ಎತ್ತಿಕೊಂಡು ಮತ್ತೆ ತಗ್ಗಿಗೆ ನಡೆದೆ. ದುಃಖವಾಗಲಿಲ್ಲ, ಅಸಹ್ಯವೂ ಆಗಲಿಲ್ಲ. ಸುಣ್ಣ ಸಾಲುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ರಾತ್ರಿ ರೊಟ್ಟಿ ತಿಂದೆ, ನಿದ್ದೆಯೂ ಬಂತು.

ಗಿರಣಿಯ ಹಿಂದಿನಿಂದ ನಡೆದು ಬಂದ ತಾಯಿ ಹಂದಿಯ ಮರಿಗಳನ್ನು ಅಕ್ಕ ಗೋಡೆಯ ತುದಿಯ ಮೂಲೆಯಲ್ಲಿ ಗೋಣಿಚೀಲ ಕಟ್ಟಿ ಬೇರೆ ಇಟ್ಟಿದ್ದರು. ಎಲ್ಲಕ್ಕಿಂತ ಕಡೆಗೆ ಬೇನೆ ಅಲ್ಲಿಗೆ ಹೋಯಿತು. ಒಂದು ಮಧ್ಯಾಹ್ನ ಅವರು ಚೀಲ ಬಿಚ್ಚಿ ಮಡಚುತ್ತ ಕೂತಿದ್ದರು. ನಾನು ಹೋಗಿ ನಿಂತೆ. ತಲೆಯೆತ್ತದೆ ಕೇಳಿದರು.

“ಊರಾಗ ಇದ್ದಲ್ಲೇ ಬಿಟ್ಟಿದ್ರ ಇವು ಉಳೀತಿದ್ವಲ್ರಿ?”

“ಉಳೀಬಹುದಿತ್ರಿ, ಅಕ್ಕಾರ,” ಅಂದೆ. “ಇವಕ್ಕ ತಾಗದ ಇರಬಹುದಿತ್ತು.”

ಬೇರೆ ಏನನ್ನೂ ಸೇರಿಸಲಿಲ್ಲ. ಸಂತೆಯ ದನಗಳ ಮಾತು, ಸುತ್ತಲಿನ ಹಳ್ಳಿಗಳ ಮಾತು ನನ್ನ ಬಾಯಿಯ ತನಕ ಬಂದಿತ್ತು. ಅವರ ಮಡಿಲಲ್ಲಿ ಆ ಚೀಲವಿತ್ತು. ಅವರು ತಲೆ ಆಡಿಸಿ, ಎದ್ದು, ಚೀಲವನ್ನು ಒಲೆಗೆ ಹಾಕಿದರು. ನಾನೇ ಮುಂಚೆ ಹಾಗೆ ಮಾಡಲು ಹೇಳಿಕೊಟ್ಟಿದ್ದೆ. ಆಮೇಲೆ ಅಂಬಲಿಗೆ ನೀರಿಟ್ಟರು.

ಬೆಂಗಳೂರಿನಿಂದ ಫಲಿತಾಂಶ ಬಂತು. ಕಾಲುಬಾಯಿ ಬೇನೆಯೇ. ನಮ್ಮ ಕಡೆ ಯಾವಾಗಲೂ ಕಾಣುವ ‘ಓ’ ಎಂಬ ಬಗೆಯ ವೈರಾಣು, ದನಗಳಿಗೆ ಹಾಕುವ ಲಸಿಕೆ ಅದಕ್ಕೆ ನಡೆಯುತ್ತದೆ. ಮೇಲಧಿಕಾರಿ ಫೋನ್ ಮಾಡಿ, ನೀವು ಮಾಡಿದ್ದು ಬರೋಬ್ಬರಿ ಆಯಿತು ಅಂದರು. ಮಾದರಿ ತಲುಪಿಸಿ ಬಂದ ಪರೀಕ್ಷಕರು ಅಷ್ಟರಲ್ಲಿ ಲಸಿಕೆಯ ತಂಡ ಸೇರಿದ್ದರು. ಪಕ್ಕದ ಒಂದು ಹಳ್ಳಿಯಲ್ಲಿ ಲಸಿಕೆ ಹಾಕಿರದ ಕೆಲವು ಕರುಗಳಿಗೆ ಬೇನೆ ಬಂತು. ಅದು ಆ ಕೊಟ್ಟಿಗೆಗಳಲ್ಲೇ ನಿಂತಿತು. ಮತ್ತೆಲ್ಲೂ ಬರಲಿಲ್ಲ. ಭಟ್ಟಿಯಿಂದಾಗಿ ಬರಲಿಲ್ಲವೋ, ಲಸಿಕೆಯಿಂದಲೋ, ಬರುವುದೇ ಇರಲಿಲ್ಲವೋ, ಬೇರೆಬೇರೆ ಮಾಡಿ ತೋರಿಸಲು ಆಗುವುದಿಲ್ಲ. ಬಾರದ ಬೇನೆಗೆ ಮಾದರಿ ತೆಗೆಯಲು ಬರುವುದಿಲ್ಲ. ಸಂತೆ ಮತ್ತೆ ತೆರೆದ ದಿನ ಅಧ್ಯಕ್ಷರು ದಾರಿಯಲ್ಲಿ ಸಿಕ್ಕರು. ದಲಾಲರು ಇನ್ನೂ ತಮ್ಮನ್ನೇ ಬೈಯುತ್ತಿದ್ದಾರೆ, ಎಲ್ಲೂ ಒಂದು ಎತ್ತು ಸಾಯಲಿಲ್ಲ, ಸುಮ್ಮನೆ ಸಂತೆ ನಿಲ್ಲಿಸಿದಿರಿ ಅನ್ನುತ್ತಿದ್ದಾರೆ ಎಂದು ಹೇಳಿದರು. ಅವರ ದನಿಯಲ್ಲೂ ಸ್ವಲ್ಪ ಅದೇ ಅನುಮಾನವಿತ್ತು.

ದೊಡ್ಡ ಹಂದಿಗಳು ಎದ್ದು ನಿಂತವು. ಹೊಸ ಗೊರಸು ಬರತೊಡಗಿತು. ನಾನು ಹಗ್ಗ, ಬೂಟು, ಬಟ್ಟೆ ಎಲ್ಲ ಅಲ್ಲೇ ಸುಟ್ಟು, ನಿಯಮದಲ್ಲಿ ಹೇಳಿದಷ್ಟು ದಿನ ದನ ಮುಟ್ಟದೆ ಕಳೆದು, ಆಮೇಲೆ ಮನೆಗೆ ಹೋದೆ. ಎಮ್ಮೆ ಈದಿತ್ತು. ತಂಗಿಯ ಮದುವೆ ಗೊತ್ತಾಗಿತ್ತು. ಅಮ್ಮ ಹೇಗಿತ್ತು ಎಂದು ಕೇಳಿದರು. ಮುಗಿಯಿತು ಅಂದೆ. ಬಿಸಿನೀರು ಕಾದಿತ್ತು, ಬಹಳ ಹೊತ್ತು ಸ್ನಾನ ಮಾಡಿದೆ.

ಬೇಸಿಗೆಯ ಕೊನೆಗೆ ಎರಡನೆಯ ಸುತ್ತಿನ ರಕ್ತ ತೆಗೆಯಲು ಮತ್ತೆ ಆ ಊರಿಗೆ ಹೋಗಬೇಕಾಯಿತು. ಬೇನೆ ಬಂದುಹೋದ ಹಂದಿಗಳ ರಕ್ತದಲ್ಲಿ ಅದರ ಗುರುತು ಎಷ್ಟು ದಿನ ಉಳಿಯುತ್ತದೆಂದು ನೋಡುವುದಿತ್ತು. ಅಕ್ಕ ಭಟ್ಟಿಯಲ್ಲೇ ಸಿಕ್ಕರು. ಹಂದಿಗಳನ್ನು ಈಗ ಊರಿಗೆ ಬಿಡುವುದಿಲ್ಲ, ಪಂಚಾಯ್ತಿಯವರು ಭಟ್ಟಿಯ ಜಾಗವನ್ನು ಸದ್ಯಕ್ಕೆ ಬಿಟ್ಟುಕೊಟ್ಟಿದ್ದಾರೆ ಎಂದು ಹೇಳಿದರು. ಒಂದು ಹಂದಿ ಹೊಸದಾಗಿ ಈದಿತ್ತು. ಅದನ್ನು ಬಿಟ್ಟು ಬೇರೆಯವನ್ನು ಹಿಡಿಯೋಣ ಎಂದು ನಾನೇ ಅಂದೆ.

ಅವರು ಒಂದರ ನಂತರ ಒಂದು ಹಿಡಿದುಕೊಟ್ಟರು. ನಾನು ರಕ್ತ ತೆಗೆದೆ. ಮೊದಲಿನ ಹಾಗೆ ಅವು ಒದರಿದವು. ನಡುವೆ ನೀರು ಕುಡಿಯಲು ನೆರಳಿಗೆ ಬಂದಾಗ ಅಕ್ಕ ಕೇಳಿದರು.

“ಈ ಬ್ಯಾನಿ ಮತ್ತ ಬರ್ತೈತೇನ್ರಿ?”

“ಬರಬಹುದ್ರಿ. ಮತ್ತ ಕಬ್ಬಿನ ಬಂಡಿ ಬರ್ತಾವು, ಸಂತಿ ಕೂಡ್ತೈತಿ.”

“ಬಂದ್ರ ಮತ್ತ ಕೂಡಿ ಹಾಕ್ರಿ ಅಂತೀರೇನ್ರಿ?”

“ಅಂತೇನ್ರಿ, ಅಕ್ಕಾರ.”

ಅವರು ತಂಬಿಗೆಯ ನೀರಿನಿಂದ ಕೈ ತೊಳೆದುಕೊಂಡರು. ಸೆರಗಿನಿಂದ ಒರೆಸಿಕೊಂಡು, ಈದ ಹಂದಿ ಮಲಗಿದ್ದ ಕಡೆ ಒಮ್ಮೆ ನೋಡಿದರು.

“ಅನ್ರಿ. ನಿಮ್ಮ ಕೆಲಸ ಅದು,” ಅಂದರು. “ಆದ್ರ ಆವಾಗ ನಾ ಹೂಂ ಅಂತೇನಿ ಅಂತ ತಿಳೀಬ್ಯಾಡ್ರಿ.”

ಅಷ್ಟು ಹೇಳಿ, ಮುಂದಿನ ಹಂದಿ ಹಿಡಿಯಲು ಬಿಸಿಲಿಗೆ ನಡೆದರು.